ಮೈಕ್ ಕಲ್ಲಣ್ಣನ ಮಂಗನ ಪ್ರಶ್ನೆ

ಬೆಟಗೇರಿಯ ನೇಕಾರ ಓಣಿಯಲ್ಲಿ ಕಲ್ಲಣ್ಣ ಎಂದು ಕೇಳಿದರೆ ಯಾವ ಕಲ್ಲಣ್ಣ ಎನ್ನುತ್ತಾರೆ. ಮೈಕ್ ಕಲ್ಲಣ್ಣ ಎಂದರೆ ಮನೆಯ ಬಾಗಿಲತನಕ ಬಂದು ಬಿಟ್ಟುಹೋಗುತ್ತಾರೆ. ಅವನ ಅಪ್ಪ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಮಗನಿಗೂ ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವುದನ್ನು ಕಲಿಸಿದರು. ಕೂರುವುದನ್ನು ಕಲ್ಲಣ್ಣ ಚೆನ್ನಾಗಿಯೇ ಕಲಿತ. ಆದರೆ ಅವನ ಸೀರೆಯಲ್ಲಿ ಎಳೆ ಕಡಿದಷ್ಟು ಆ ಓಣಿಯಲ್ಲಿ ಯಾರ ಸೀರೆಯಲ್ಲೂ ಕಡಿಯುತ್ತಿರಲಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ, "ಎಳಿ ಕೂಡಸೂದಕ್ಕಿಂತ ವೈರ್ ಕೂಡಸೂದು ಸಲೀಸು" ಎಂದು ಮಗ್ಗ ಬಿಟ್ಟು ಮೈಕ್‌ಸೆಟ್ ಹಿಡಿದ. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ನೂಲು ಉಳಿಯಿತು ಅಂದುಕೊಂಡಿರಬೇಕು.

ಅಲ್ಲಿಂದ ಮೂವತ್ತು ವರ್ಷ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ನಾಲ್ಕೂ ಕಡೆಯ ಮದುವೆ, ಪುರಾಣ, ಚುನಾವಣೆ, ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗು, ಬೀಳ್ಕೊಡುಗೆ, ಶೋಕಸಭೆಗಳಲ್ಲಿ ಕಲ್ಲಣ್ಣನ ಮೈಕು ಮಾತಾಡಿತು. ಕಲ್ಲಣ್ಣ ಮಾತ್ರ ಅದರಲ್ಲಿ ಮಾತಾಡಿದ್ದು "ಹಲೋ, ಹಲೋ, ಒನ್, ಟೂ, ತ್ರೀ" ಇಷ್ಟೇ. ನಾಲ್ಕನೆಯ ಅಂಕಿಯವರೆಗೆ ಅವನು ಎಂದೂ ಹೋದವನಲ್ಲ. ಆದರೆ ಆಂಪ್ಲಿಫೈಯರ್ ಪಕ್ಕ ಕೂತು ಅವನು ಕೇಳಿದಷ್ಟು ಭಾಷಣಗಳನ್ನು ಜಿಲ್ಲೆಯ ಯಾವ ಪ್ರೊಫೆಸರೂ ಕೇಳಿರಲಿಕ್ಕಿಲ್ಲ. ಹೀಗೆ ಕೇಳಿ ಕೇಳಿ ತಾನೊಬ್ಬ ತಿಳಿದವನು ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿತ್ತು. ಈಗ ಆ ಕಾಲದ ಮಾತು ಬಂದರೆ ಅವನೇ ಹೇಳುತ್ತಾನೆ, "ಎಲ್ಲಾ ಕಿವ್ಯಾಗ ಬಂದು ಸೀದಾ ಬಾಯಾಗ ಹೋಗತಿತ್ರಿ. ನಡುವ ತಲಿ ಅಂತ ಒಂದು ನಿಲ್ದಾಣ ಐತಿ, ಅಲ್ಲಿ ಒಂದರಗಳಿಗಿ ನಿಲ್ಲಸಬೇಕು ಅನ್ನೂದು ನನಗ ಗೊತ್ತಿರಲಿಲ್ಲ."

ಗದಗಿನ ಒಂದು ಕಾಲೇಜಿನಲ್ಲಿ ವಿಜ್ಞಾನ ಸಂಘದ ಕಾರ್ಯಕ್ರಮವಿತ್ತು. ಮೈಕು ಕಲ್ಲಣ್ಣನದು. ಕರೆಂಟು ಹೋದರೆ ಇರಲಿ ಎಂದು ಜನರೇಟರು ತಂದಿದ್ದವನು ಅವನ ಹಳೆಯ ಜೋಡಿ ಇಸ್ಮಾಯಿಲಸಾಬ. ಆ ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕಿ ರೋಹಿಣಿ ಮಾತಾಡಲು ನಿಂತರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮೆಲ್ಲಗಿನ ದನಿ. ಜೀವಿಗಳು ಹೇಗೆ ಬದಲಾಗುತ್ತ ಬಂದವು, ಒಂದು ಜಾತಿಯ ಪ್ರಾಣಿಯಿಂದ ಇನ್ನೊಂದು ಜಾತಿ ಹೇಗೆ ಕವಲೊಡೆಯಿತು ಎಂಬ ವಿಷಯ. ಮುನ್ನೂರು ಹುಡುಗ ಹುಡುಗಿಯರು ಅರ್ಧ ಕೇಳುತ್ತ ಅರ್ಧ ಆಕಳಿಸುತ್ತ ಕೂತಿದ್ದರು. ಕೊನೆಗೆ, ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು. ಯಾರೂ ಏಳಲಿಲ್ಲ. ಸಭಿಕರ ನಡುವೆ ತಿರುಗಿಸುವ ಉದ್ದ ವೈರಿನ ಮೈಕು ಕಲ್ಲಣ್ಣನ ಕೈಯಲ್ಲಿತ್ತು. ಕೈಯಲ್ಲಿ ಮೈಕು, ಎದುರಿಗೆ ಮುನ್ನೂರು ಜನ, ತಡೆಯುವವರು ಯಾರೂ ಇಲ್ಲ. ಮೂವತ್ತು ವರ್ಷದ ಹಸಿವು ಒಮ್ಮೆಲೇ ಎದ್ದಿತು.

"ಮೇಡಂ, ಮಂಗ್ಯಾನಿಂದ ಮನಷ್ಯಾ ಆದ ಅಂದ್ರಿ. ಹಂಗಾರ ಈ ಮಂಗ್ಯಾಗಳು ಇನ್ನೂ ಯಾಕ ಮಂಗ್ಯಾ ಆಗೇ ಉಳದಾವ್ರಿ? ಮೊನ್ನೆ ನಮ್ಮ ಮನಿ ಮ್ಯಾಲೆ ಬಂದು ಹಂಚು ಒಡದ ಹೋತಲ್ಲ, ಅದು ಯಾವಾಗ ಮನಷ್ಯಾ ಆಗತೈತಿ? ಆದ ಮ್ಯಾಲೆ ಅದರ ಕಡೆ ಹಂಚಿನ ದುಡ್ಡು ಕೇಳಬೇಕಾಗೈತಿ."

ಸಭೆ ಎದ್ದು ಕುಣಿಯಿತು. ಸಿಳ್ಳೆ, ಚಪ್ಪಾಳೆ, ಬೆಂಚು ಗುದ್ದುವ ಸದ್ದು. ತನ್ನ ಮೈಕಿನಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಮಂತ್ರಿಗಳಿಗೂ ಬಿದ್ದದ್ದು ಕಲ್ಲಣ್ಣನಿಗೆ ನೆನಪಿರಲಿಲ್ಲ. ರೋಹಿಣಿ ನಕ್ಕು, ಮೈಕಿನ ಹತ್ತಿರ ಬಾಗಿ ಉತ್ತರಿಸತೊಡಗಿದರು. ತುಟಿ ಅಲುಗಿತು, ಸದ್ದು ಹೊರಡಲಿಲ್ಲ. ಮೈಕು ಸತ್ತಿತ್ತು. ಅವರು ಗಂಟಲೆತ್ತಿ ಹೇಳುತ್ತಲೇ ಇದ್ದರು. ಮುಂದಿನ ಎರಡು ಸಾಲಿಗೆ ಕೇಳಿಸಿತೋ ಏನೋ, ಉಳಿದವರು ಕೇಕೆ ಹಾಕುತ್ತಿದ್ದರು. ಕಲ್ಲಣ್ಣ ಓಡಿಹೋಗಿ ನೋಡಿದರೆ ಆಂಪ್ಲಿಫೈಯರಿನ ಪ್ಲಗ್ಗು ಬೋರ್ಡಿನಿಂದ ಕಿತ್ತು ನೆಲದ ಮೇಲೆ ಬಿದ್ದಿತ್ತು, ಅದರ ವೈರು ಅವನದೇ ಎಡಗಾಲ ಚಪ್ಪಲಿಗೆ ಸುತ್ತಿಕೊಂಡಿತ್ತು. ಪ್ರಶ್ನೆ ಮುಗಿಸಿ ಚಪ್ಪಾಳೆಯ ಹುರುಪಿನಲ್ಲಿ ತಿರುಗುವಾಗ ತಾನೇ ಎಳೆದುಬಿಟ್ಟಿದ್ದ. ಸರಭರ ಬಿಡಿಸಿ, ಮತ್ತೆ ಸಿಕ್ಕಿಸಿ, "ಲೂಸ್ ಕನೆಕ್ಷನ್ರಿ" ಎಂದ. ಅಷ್ಟರಲ್ಲಿ ಪ್ರಾಚಾರ್ಯರು ಹಳ್ಳಿ ಹುಡುಗರ ಬಸ್ಸಿನ ಹೊತ್ತಾಯಿತೆಂದು ವಂದನಾರ್ಪಣೆ ಶುರು ಮಾಡಿದ್ದರು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಕಲ್ಲಣ್ಣನ ಪ್ರಶ್ನೆ, ಚಪ್ಪಾಳೆ, ಆಮೇಲೆ ಸದ್ದಿಲ್ಲದೆ ತುಟಿ ಅಲುಗಿಸುವ ರೋಹಿಣಿ. ಕೆಳಗೆ ಬರೆದಿದ್ದರು: "ಮೈಕ್ ಮಾಮಾನ ಒಂದೇ ಪ್ರಶ್ನೆಗೆ ಮೇಡಂ ಗಪ್‌ಚಿಪ್." ಎರಡು ದಿನದಲ್ಲಿ ಅದು ಬೆಟಗೇರಿಯ ಎಲ್ಲ ಮೊಬೈಲುಗಳಲ್ಲೂ ಇತ್ತು. ಕಟಿಂಗ್ ಅಂಗಡಿಯಲ್ಲಿ ಕಲ್ಲಣ್ಣನಿಗೆ ಸರದಿ ಬಿಟ್ಟುಕೊಟ್ಟರು. ಪ್ಲಗ್ಗಿನ ವಿಷಯ ಹೇಳಬೇಕೆಂದು ಅವನಿಗೆ ಮೊದಲ ದಿನ ಅನಿಸಿತ್ತು. ಎರಡನೆಯ ದಿನ ಅಷ್ಟಾಗಿ ಅನಿಸಲಿಲ್ಲ. ಮೂರನೆಯ ದಿನದ ಹೊತ್ತಿಗೆ, ಮೈಕು ಇದ್ದಿದ್ದರೂ ಆ ಮೇಡಂ ಏನು ತಾನೇ ಹೇಳುತ್ತಿದ್ದರು ಎಂಬಲ್ಲಿಗೆ ಬಂದು ನಿಂತಿದ್ದ.

ವಾರ ಕಳೆಯುವುದರಲ್ಲಿ ಲಕ್ಷ್ಮೇಶ್ವರದಿಂದ ಸುಭಾಷ ಎಂಬವನು ಹುಡುಕಿಕೊಂಡು ಬಂದ. ಟ್ಯೂಷನ್ ಕ್ಲಾಸು ನಡೆಸುವವನು, ಜೊತೆಗೆ ಒಂದು ಚಿಂತನ ವೇದಿಕೆಯ ಅಧ್ಯಕ್ಷ. ಆ ವೇದಿಕೆಗೆ ಅಧ್ಯಕ್ಷನ ಹೊರತು ಬೇರೆ ಪದಾಧಿಕಾರಿಗಳು ಯಾರೆಂದು ಕಲ್ಲಣ್ಣನಿಗೆ ಕಡೆಯವರೆಗೂ ತಿಳಿಯಲಿಲ್ಲ. "ನಿಮ್ಮಂಥಾ ಸಾಮಾನ್ಯ ಜನರ ಜ್ಞಾನಾ ಹೊರಗ ಬರಬೇಕ್ರಿ ಕಲ್ಲಣ್ಣನವರ" ಎಂದ. ಕಲ್ಲಣ್ಣನಿಗೂ ಅದು ಒಳಗೆ ಬಹಳ ದಿನದಿಂದ ಕೊಳೆಯುತ್ತಿದೆ ಅನಿಸಿತು.

ಲಕ್ಷ್ಮೇಶ್ವರದಲ್ಲಿ ಮೊದಲ ಭಾಷಣ, ಶಿರಹಟ್ಟಿಯಲ್ಲಿ ಎರಡನೆಯದು. ಭಾಷಣಕಾರನೂ ಅವನೇ, ಮೈಕಿನವನೂ ಅವನೇ. ಟಂಟಂ ಎಂಬ ಮೂರು ಗಾಲಿಯ ಗಾಡಿಯಿಂದ ಹಾರ್ನು ಇಳಿಸಿ, ಕಂಬ ಹತ್ತಿ ಕಟ್ಟಿ, ಕೈ ತೊಳೆದು, ಬೇರೆ ಅಂಗಿ ತೊಟ್ಟು ವೇದಿಕೆ ಏರುತ್ತಿದ್ದ. ನಡುವೆ ಮೈಕು ಕುಂಯ್ ಎಂದರೆ, "ಒಂದ್ ನಿಮಿಷ್ರಿ" ಎಂದು ಶಾಲು ಹೊದ್ದುಕೊಂಡೇ ಇಳಿದು ಬಂದು ಗುಂಡಿ ತಿರುವಿ ಮತ್ತೆ ಏರುತ್ತಿದ್ದ. ಅವನ ಹತ್ತಿರ ಮೂರು ಪ್ರಶ್ನೆಗಳಿದ್ದವು. ಮಂಗ ಇನ್ನೂ ಯಾಕೆ ಇದೆ ಎಂಬುದು ಒಂದು. ಎರಡನೆಯದು ಅವನ ಕುಲದ ಪ್ರಶ್ನೆ: "ನಾ ನೇಕಾರರ ಮಗ. ಸೀರಿ ತಾನ ನೇಯ್ಕೊಂಡಿದ್ದನ್ನ ನಾ ಎಲ್ಲೂ ನೋಡಿಲ್ಲ. ನೇಯವ ಇಲ್ದ ಸೀರಿ ಇಲ್ಲಾ, ಮಾಡವ ಇಲ್ದ ಹುಲಿ ಹೆಂಗ ಬಂತು?" ತಾನು ಎಂಥ ನೇಕಾರ ಎಂಬುದನ್ನು ಅಲ್ಲಿ ಹೇಳುತ್ತಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ಘನವಾದದ್ದೆಂದು ಅವನ ಎಣಿಕೆ: "ಕಣ್ಣು ಸ್ವಲ್ಪ ಸ್ವಲ್ಪ ಆಗಿ ಬಂತು ಅಂತಾರ. ಅರ್ಧಾ ಕಣ್ಣು ತಗೊಂಡು ಪ್ರಾಣಿ ಏನು ಮಾಡತೈತಿ?"

ಈ ಮೂರನೆಯದನ್ನು ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ರೂಢಿ ಮಾಡುತ್ತಿದ್ದಾಗ ಅವನ ಹೆಂಡತಿ ಬನಶಂಕರೆವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಕಲ್ಲಣ್ಣನ ಎಡಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು, ಆಪರೇಷನ್ನು ಮುಂದೂಡುತ್ತ ಬಂದಿದ್ದ.

"ಅರ್ಧಾ ಕಣ್ಣಿನಿಂದ ಏನೂ ಆಗಂಗಿಲ್ಲಂದ್ರ ನಿನ್ನೆ ನೀವು ಕಂಬ ಹೆಂಗ ಹತ್ತಿದ್ರಿ?" ಎಂದಳು.

"ನಿನಗ ಇದು ತಿಳಿಯೂ ವಿಷಯ ಅಲ್ಲ ಬಿಡು" ಎಂದ ಕಲ್ಲಣ್ಣ.

"ಕಂಬದ್ದಷ್ಟ ಕೇಳಿದೆನ್ರಿ" ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಮೂರನೆಯ ಭಾಷಣ ಬೆಳ್ಳಟ್ಟಿಯಲ್ಲಿ. ದೊಡ್ಡ ಊರು, ಗುಡಿಯ ಮುಂದಿನ ಬಯಲಿನಲ್ಲಿ ನೂರೈವತ್ತು ಜನ ಕೂತಿದ್ದರು. ಮೂರೂ ಪ್ರಶ್ನೆ ಕೇಳಿ, ನಗಿಸಿ, ಯಾವ ಪ್ರಾಣಿಯೂ ಬದಲಾಗುವುದಿಲ್ಲ ಎಂದು ಸಾರಿ, ಕೊನೆಗೆ ಕಲ್ಲಣ್ಣ ರೋಹಿಣಿ ಮೇಡಮ್ಮಿನ ಹಾಗೆಯೇ ಗತ್ತಿನಿಂದ, "ಯಾರದರ ಪ್ರಶ್ನಿ ಐತೇನ್ರಿ?" ಎಂದ. ಇರುವುದಿಲ್ಲ ಎಂಬ ಧೈರ್ಯವಿತ್ತು. ಹಿಂದಿನ ಸಾಲಿನಿಂದ ಗಾಳೆಪ್ಪ ಎಂಬ ರೈತ ಎದ್ದ. ಅರವತ್ತು ದಾಟಿದವನು, ಹೆಗಲ ಮೇಲೆ ಟವೆಲ್ಲು. ಮೈಕು ಕೊಡಲು ಹೋದರೆ ಬೇಡವೆಂದು ಕೈಮಾಡಿದ. ಹೊಲದಿಂದ ಹೊಲಕ್ಕೆ ಕೂಗಿ ರೂಢಿಯಾದ ದನಿ.

"ನಾವು ಹತ್ತಿ ಬೆಳಿತೀವ್ರಿ. ಮೊದಲ ಒಂದ ಸಲ ಔಷಧದ ಎಣ್ಣಿ ಹೊಡದ್ರ ಕಾಯಿಕೊರಕ ಹುಳ ಪಟಪಟ ಬೀಳತಿದ್ವು. ಈಗ ಅದ ಎಣ್ಣಿ ಮೂರು ಸಲ ಹೊಡದ್ರೂ ಮ್ಯಾಲೆ ಕುಂತು ನಮ್ಮನ್ನ ನೋಡತಾವು. ಯಾವ ಪ್ರಾಣಿನೂ ಬದಲಾಗಂಗಿಲ್ಲ ಅಂತ ನೀವು ಹೇಳಿದ್ರಿ. ಹಂಗಾರ ನಮ್ಮ ಹುಳಕ್ಕ ಏನಾತ್ರಿ?"

"ಎಣ್ಣ್ಯಾಗ ಕಲಬೆರಕಿ ಇರತೈತಿ" ಎಂದ ಕಲ್ಲಣ್ಣ.

"ನಮ್ಮ ಬೀಗರ ಊರಾಗ ಈ ವರ್ಷ ಹೊಸದಾಗಿ ಹತ್ತಿ ಹಾಕ್ಯಾರ. ಅದ ಡಬ್ಬಿ ಒಯ್ದು ಹೊಡದಾರ. ಅಲ್ಲಿ ಸತ್ತಾವಲ್ರಿ."

"ಹಂಗಾರ... ನಿಮ್ಮ ಹುಳ ಕಲತಾವು."

"ಯಾರು ಕಲಿಸಿದ್ರಿ?"

ಸಭೆ ನಕ್ಕಿತು. ಅದೇ ನಗು, ಅದೇ ಸದ್ದು, ಆದರೆ ಈ ಸಲ ಅದು ಎದುರಿನಿಂದ ಬರುತ್ತಿತ್ತು. ಕಲ್ಲಣ್ಣನ ಕಣ್ಣು ಅವನಿಗರಿವಿಲ್ಲದೆ ಪ್ಲಗ್ಗಿನ ಕಡೆ ಹೋಯಿತು. ಆಗ ಕಿತ್ತು ಬಿದ್ದರೆ ಒಳ್ಳೆಯದಿತ್ತು ಅನಿಸಿತು. ಪ್ಲಗ್ಗು ಗಟ್ಟಿಯಾಗಿ ಕೂತಿತ್ತು. "ವಿಚಾರ ಮಾಡಿ ಹೇಳತೀನ್ರಿ" ಎಂದು ಹೇಗೋ ಮುಗಿಸಿದ. ಗಾಳೆಪ್ಪನ ಮುಖದಲ್ಲಿ ಗೆದ್ದ ಖುಷಿ ಕಾಣಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಅದೇ ಕಲ್ಲಣ್ಣನಿಗೆ ಹೆಚ್ಚು ಚುಚ್ಚಿತು.

ಟಂಟಮ್ಮಿನಲ್ಲಿ ಹಾರ್ನುಗಳ ನಡುವೆ ಕೂತು ಮರಳುವಾಗ, ಅಲ್ಲಿಗೂ ಜನರೇಟರು ತಂದಿದ್ದ ಇಸ್ಮಾಯಿಲಸಾಬ ಬಾಯಿಬಿಟ್ಟ. ಅವನ ಮಗಳು ರೋಹಿಣಿಯ ಕಾಲೇಜಿನಲ್ಲಿ ಓದುತ್ತಿದ್ದಳು.

"ಕಲ್ಲಣ್ಣ, ಒಂದ ಮಾತು ಹೇಳತೀನಿ, ಸಿಟ್ಟಾಗಬ್ಯಾಡ. ಆ ಮೇಡಂ ಕ್ಲಾಸಿಗೆ ಬಂದ್ರ ಹುಡುಗೂರು ಸದ್ದ ಮಾಡಲಾರದ ತುಟಿ ಅಷ್ಟ ಅಳ್ಳಾಡಸತಾರಂತ. ಇಡೀ ಕ್ಲಾಸ. ಹಾಜರಿ ಕೂಗಿದ್ರೂ ಹಂಗ. ಒಂದಿನ ಅವರು ಪುಸ್ತಕ ಮುಚ್ಚಿ ಎದ್ದ ಹೋದ್ರಂತ."

"ನನಗ ಮೊದಲ ಯಾಕ ಹೇಳಲಿಲ್ಲ?"

"ನೀ ಆಗ ದೊಡ್ಡ ಭಾಷಣಕಾರ ಆಗಿದ್ದಿ" ಎಂದ ಇಸ್ಮಾಯಿಲಸಾಬ.

ಮನೆಗೆ ಬಂದವನು ಪ್ಲಗ್ಗಿನ ವಿಷಯ ಹೆಂಡತಿಗೆ ಹೇಳಿದ. ಅವಳು ಬೈಯಬಹುದೆಂದು ಸಿದ್ಧನಾಗಿದ್ದ. ಅವಳು ಪೂರ್ತಿ ಕೇಳಿ, "ನಾಳೆ ಐತವಾರ, ಕಾಲೇಜು ರಜಾ, ಮೇಡಂ ಮನ್ಯಾಗ ಇರತಾರ. ಹೋಗಿ ಬರ್ರಿ" ಎಂದಳು ಅಷ್ಟೇ. ಹೋಗುವಾಗ ಶಾಲು ಹೊದ್ದುಕೊಂಡು ಹೋಗಬೇಡಿ ಎಂದು ಮಾತ್ರ ಬಾಗಿಲಿನಿಂದ ಕೂಗಿದಳು.

ಮುಳಗುಂದ ನಾಕಾದ ಹತ್ತಿರ ರೋಹಿಣಿಯ ಬಾಡಿಗೆ ಮನೆ. ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಕಲ್ಲಣ್ಣನನ್ನು ಕಂಡು ಮುಖ ಬಿಗಿಯಿತು, ಆದರೂ "ಕುಂಡ್ರಿ" ಎಂದರು. ಕಲ್ಲಣ್ಣ ಕುರ್ಚಿಯ ತುದಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿದ.

"ಅವತ್ತು ಲೂಸ್ ಕನೆಕ್ಷನ್ ಅಲ್ರಿ ಮೇಡಂ. ನನ್ನ ಕಾಲಿಗೆ ಸಿಕ್ಕು ಪ್ಲಗ್ ಕಿತ್ತಿತ್ತು. ಬೇಕಂತ ಮಾಡಿದ್ದಲ್ಲ. ಆದ್ರ ಮುಚ್ಚಿಟ್ಟಿದ್ದು ಬೇಕಂತನ."

ರೋಹಿಣಿ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. "ಎರಡು ತಿಂಗಳಾತ್ರಿ ಕಾಕಾ. ಎರಡು ತಿಂಗಳು ನಾ ಕ್ಲಾಸಿನ ಬಾಗಲದಾಗ ನಿಂತು ಒಳಗ ಹೋಗೂದೋ ಬ್ಯಾಡೋ ಅಂತ ವಿಚಾರ ಮಾಡೇನಿ. ಉತ್ತರಾ ಗೊತ್ತಿರಲಾರದ ಸುಮ್ಮನಾಗಿದ್ರ ನನಗ ಇಷ್ಟು ಕೆಟ್ಟ ಅನಸತಿರಲಿಲ್ಲ. ನಾ ಹೇಳಿದ್ದೆ. ಪೂರಾ ಹೇಳಿದ್ದೆ."

ಕಲ್ಲಣ್ಣ ತಲೆ ತಗ್ಗಿಸಿ ಕೂತ. ಅಲ್ಲಿಗೆ ಎದ್ದು ಬಂದಿದ್ದರೆ ಕ್ಷಮಾಪಣೆ ಎಂದು ಅನಿಸಿಕೊಳ್ಳುತ್ತಿತ್ತು. ಆದರೆ ಅವನು ಕಲ್ಲಣ್ಣ. ಎರಡು ನಿಮಿಷ ಬಿಟ್ಟು, "ತಪ್ಪು ನಂದು ಖರೆ. ಆದ್ರ ಪ್ರಶ್ನಿ ಏನು ತಪ್ಪಲ್ರಿ. ಸೀರಿ ತಾನ ನೇಯ್ಕೊಳ್ಳಂಗಿಲ್ಲ" ಎಂದುಬಿಟ್ಟ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ರೋಹಿಣಿ ಅವನನ್ನೇ ನೋಡಿದರು. ಆಮೇಲೆ ಅವರಿಗೆ ನಗು ಬಂತು, ತಡೆಯಲು ನೋಡಿದರೂ ಬಂತು. "ನೀವು ನೇದ ಸೀರಿ ಯಾವತ್ತಾದ್ರೂ ಮರಿ ಹಾಕೈತೇನ್ರಿ?"

"ಆಂ?"

"ಸೀರಿ ಮರಿ ಹಾಕಿದ್ರ, ಒಂದೊಂದು ಮರಿ ಒಂದೊಂದು ನಮೂನಿ ಇದ್ರ, ಅದರಾಗ ಯಾವುದು ಬಾಳಿಕಿ ಬರತೈತಿ ಅದಷ್ಟ ಮುಂದ ಮತ್ತ ಮರಿ ಹಾಕಿದ್ರ, ಆಗ ನೇಕಾರ ಇಲ್ದನೂ ಸೀರಿ ಬದಲಾಗತಿತ್ತು. ಸೀರಿಗೆ ಅದು ಬರಂಗಿಲ್ಲ. ಕುರಿಗೆ ಬರತೈತಿ, ಹುಲಿಗೆ ಬರತೈತಿ."

ಕಲ್ಲಣ್ಣ ಯೋಚಿಸಿದ. ಹಳೆಯ ಅಭ್ಯಾಸದಂತೆ ಬಾಯಿ ತೆರೆದ, ಮತ್ತೆ ಮುಚ್ಚಿದ. ಆಮೇಲೆ ಕೇಳಿದ, "ಆದ್ರ ಇದು ಬಾಳಿಕಿ, ಇದು ಬ್ಯಾಡಾ ಅಂತ ಆರಸವ ಒಬ್ಬ ಬೇಕಲ್ರಿ?" ಕೇಳಿದ ಕೂಡಲೇ ಬೆಳ್ಳಟ್ಟಿ ನೆನಪಾಗಿ, ಗಾಳೆಪ್ಪನ ಹುಳದ ಕತೆಯನ್ನೂ ತನ್ನ ಗತಿಯನ್ನೂ ಹೇಳಿದ. ರೋಹಿಣಿ ಎದ್ದು ಹೋಗಿ ಚಹಾ ತಂದು ಅವನ ಮುಂದಿಟ್ಟರು.

"ಹುಳ ಏನೂ ಕಲತಿಲ್ರಿ. ಸಾವಿರ ಹುಳದಾಗ ಹತ್ತಕ್ಕ ಆ ಎಣ್ಣಿ ತಾಳೂ ಗುಣ ಮೊದಲ ಇತ್ತು, ಹುಟ್ಟತಾನ. ಎಣ್ಣಿ ಬಿದ್ದಾಗ ಬಾಕಿ ಎಲ್ಲಾ ಸತ್ತು ಆ ಹತ್ತು ಉಳದ್ವು. ಮುಂದ ಹುಟ್ಟಿದ್ವು ಹೆಚ್ಚು ಅವುರ ಮಕ್ಕಳು. ವರ್ಷಾ ವರ್ಷಾ ಹಂಗ ಆಕ್ಕೋಂತ ಬಂತು. ಈಗ ಹೇಳ್ರಿ, ಆರಿಸಿದವ್ರು ಯಾರು?"

"ಎಣ್ಣಿ" ಎಂದ ಕಲ್ಲಣ್ಣ.

"ಎಣ್ಣಿಗೆ ಬುದ್ಧಿ ಐತೇನ್ರಿ?"

"ನನಗಿರೋವಷ್ಟ ಇರಬೇಕ್ರಿ."

ಅಂದು ಅವನು ಮೂರು ತಾಸು ಅಲ್ಲೇ ಕೂತ. ಅರ್ಧ ಕಣ್ಣಿನ ಪ್ರಶ್ನೆ ಕೇಳಿದ. ಬೆಳಕು ಕತ್ತಲೆ ಅಷ್ಟೇ ತಿಳಿಯುವ ಕಣ್ಣೂ ಏನೂ ತಿಳಿಯದ್ದಕ್ಕಿಂತ ಮೇಲು, ಮೇಲಿನಿಂದ ನೆರಳು ಬಿದ್ದರೆ ಓಡಲಿಕ್ಕಾದರೂ ಬರುತ್ತದೆ ಎಂದು ರೋಹಿಣಿ ಹೇಳಿದರು. ಕಲ್ಲಣ್ಣನಿಗೆ ಕಂಬ ನೆನಪಾಯಿತು. ಅದನ್ನು ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದ್ದಳೆಂದು ಮೇಡಮ್ಮಿಗೆ ತಿಳಿಸಲಿಲ್ಲ. ಒಂದು ದಿನಕ್ಕೆ ಎಷ್ಟು ಮರ್ಯಾದೆ ಕಳೆದುಕೊಳ್ಳಬೇಕು ಎಂಬುದಕ್ಕೂ ಒಂದು ಮಿತಿ ಇದೆ. ಏಳುವಾಗ ಅವನು, "ಮುಂಡರಗ್ಯಾಗ ಮುಂದಿನ ಭಾಷಣಾ ಐತ್ರಿ. ನೀವು ಬರ್ರಿ. ನಾ ಎಲ್ಲಾರ ಮುಂದ ಪ್ಲಗ್ಗಿಂದು ಹೇಳತೀನಿ, ನೀವು ಅವತ್ತಿನ ಉತ್ತರಾ ಹೇಳ್ರಿ" ಎಂದ. ಅವರು ಒಪ್ಪಲು ನಾಲ್ಕು ದಿನ ತೆಗೆದುಕೊಂಡರು.

ಸುಭಾಷನಿಗೆ ಸುದ್ದಿ ಕೇಳಿ ಹಿಡಿಸಲಾರದಷ್ಟು ಸಂತೋಷವಾಯಿತು. "ಮಂಗನಿಂದ ಮಾನವನೇ? ನೇರ ಸವಾಲ್" ಎಂದು ಬ್ಯಾನರು ಬರೆಸಿ ಮುಂಡರಗಿ ಬಸ್‌ಸ್ಟ್ಯಾಂಡಿನ ಎದುರು ಕಟ್ಟಿಸಿದ. ಒಂದು ಕಡೆ ರೋಹಿಣಿಯ ಭಾವಚಿತ್ರ, ಇನ್ನೊಂದು ಕಡೆ ಕಲ್ಲಣ್ಣನದು. "ಮಾನವನೇ" ಎಂಬ ಶಬ್ದ ಸರಿಯಾಗಿ ಕಲ್ಲಣ್ಣನ ತಲೆಯ ಮೇಲೆ ಬಂದಿತ್ತು, ಪ್ರಶ್ನಾರ್ಥಕ ಚಿಹ್ನೆಯ ಸಮೇತ.

ಸಭಾಭವನ ತುಂಬಿತ್ತು. ಕಲ್ಲಣ್ಣ ಮೊದಲು ಎದ್ದು ನಿಂತ. "ವಿಡಿಯೋ ನೋಡೀರಿ ಎಲ್ಲಾರೂ. ಅವತ್ತು ಮೇಡಂ ಉತ್ತರಾ ಕೊಟ್ಟಿದ್ರು. ನಿಮಗ ಕೇಳಿಸಲಿಲ್ಲ, ಯಾಕಂದ್ರ ಪ್ಲಗ್ ಕಿತ್ತಿತ್ತು. ಕಿತ್ತಿದ್ದು ನನ್ನ ಕಾಲು."

ಜನ ನಕ್ಕರು. ಇದೂ ಒಂದು ಹಾಸ್ಯ ಎಂದುಕೊಂಡರು. ಕಲ್ಲಣ್ಣ ಮತ್ತೊಮ್ಮೆ ಹೇಳಿದ. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ, "ಎಷ್ಟ ವಿನಯ ನೋಡ್ರಿ, ಗೆದ್ದರೂ ಸೋತಂಗ ಮಾತಾಡತಾರ" ಎಂದದ್ದು ಮೈಕಿಗೇ ಕೇಳಿಸಿತು. ಕಲ್ಲಣ್ಣ ಮೂರನೆಯ ಸಲ ಕಾಲೆತ್ತಿ, ಎಡಗಾಲು ಎಂದು ತೋರಿಸಿ ಹೇಳಿದ. ಭಾರೀ ಚಪ್ಪಾಳೆ ಬಿತ್ತು, ಸುಭಾಷ ಬಂದು ಶಾಲು ಹೊದಿಸಿದ. ಸುಳ್ಳಿಗೆ ಎರಡು ಶಾಲು ಬಂದಿದ್ದವು, ನಿಜಕ್ಕೂ ಒಂದು ಬಂತಲ್ಲ ಎಂದು ಕಲ್ಲಣ್ಣ ಸೋತು ಕೂತ.

ಆಗ ರೋಹಿಣಿ ಮೈಕು ತೆಗೆದುಕೊಂಡರು. ಸಭೆಗೆ ಬೆನ್ನು ಹಾಕದ ಹಾಗೆ ಓರೆಯಾಗಿ ನಿಂತು ಕಲ್ಲಣ್ಣನನ್ನೇ ಕೇಳಿದರು. "ಕಾಕಾ, ನಿಮ್ಮ ಮನೆತನದವರು ಎಲ್ಲಾರೂ ಮೈಕ್ ಹಚ್ಚತಾರೇನ್ರಿ?"

"ಇಲ್ರಿ. ನಮ್ಮ ದೊಡ್ಡಪ್ಪನ ಮಕ್ಕಳು ಗುಳೇದಗುಡ್ಡದಾಗ ಅದಾರ. ಅವರು ಇನ್ನೂ ನೇಯತಾರ."

"ನೀವು ಅವರಿಂದ ಹುಟ್ಟೀರೇನು?"

"ಅವರಿಂದ ಹೆಂಗ ಹುಟ್ಟಲಿ ಮೇಡಂ, ಅವರು ನನ್ನ ವಾರಿಗಿಯವರು. ಅವರಿಗೂ ನನಗೂ ಅಜ್ಜ ಒಬ್ಬ."

"ಹಂಗಾರ ನೀವು ಮೈಕಿನವರು ಆದ ಮ್ಯಾಲೆ ಅವರು ಇನ್ನೂ ಯಾಕ ನೇಕಾರರಾಗೇ ಉಳದಾರ್ರಿ?"

ಸಭೆಗೆ ಇದು ಇಳಿಯಲು ಒಂದು ಕ್ಷಣ ಹಿಡಿಯಿತು. ಇಳಿದ ಮೇಲೆ ಎದ್ದ ನಗು ಕಾಲೇಜಿನ ನಗುವಿಗಿಂತ ದೊಡ್ಡದಿತ್ತು. ಮಂಗ ನಮ್ಮ ಅಜ್ಜ ಅಲ್ಲ, ದೊಡ್ಡಪ್ಪನ ಮಗ. ಅಜ್ಜ ಬೇರೆಯವನು, ಅವನು ಈಗಿಲ್ಲ. ಅವರವರಿಗೆ ಅವರವರ ಬದುಕು ಹೊಂದಿ ಬಂದಿದೆ ಎಂದು ರೋಹಿಣಿ ಬಿಡಿಸಿ ಹೇಳಿದರು. ಅವರ ಮೆಲ್ಲಗಿನ ದನಿ ಹಿಂದಿನ ಗೋಡೆಯವರೆಗೆ ಸ್ಪಷ್ಟವಾಗಿ ಹೋಗುತ್ತಿತ್ತು. ಆ ದಿನ ಕಲ್ಲಣ್ಣ ಆಂಪ್ಲಿಫೈಯರ್ ಹೊಂದಿಸಲು ಒಂದು ತಾಸು ಕೂತಿದ್ದ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ರೋಹಿಣಿಯ ಮನೆಗೆ ಹೋಗಿಬಂದ ಮೇಲಿನ ನಾಲ್ಕು ವಾರದಲ್ಲಿ ಅವನಿಗೆ ನಿಜವಾದ ಪ್ರಶ್ನೆಯೊಂದು ಹುಟ್ಟಿತ್ತು, ನಗಿಸುವ ಗುಣವಿಲ್ಲದ್ದು. "ಮೇಡಂ, ಎಲ್ಲಾಕ್ಕೂ ಒಬ್ಬೊಬ್ಬ ಅಜ್ಜ ಅಂದ್ರಿ. ಹಿಂದ ಹಿಂದ ಹೋದ್ರ ಮೊಟ್ಟಮೊದಲಿನ ಜೀವ ಒಂದು ಬರತೈತಿ. ಅದಕ್ಕ ಅಪ್ಪ ಇಲ್ಲ. ಅದು ಹೆಂಗ ಹುಟ್ಟಿತ್ರಿ?"

"ನನಗ ಗೊತ್ತಿಲ್ರಿ" ಎಂದರು ರೋಹಿಣಿ. "ಯಾರಿಗೂ ಇನ್ನೂ ಪೂರಾ ಗೊತ್ತಿಲ್ಲ. ಕೆಲವು ಅಂದಾಜು ಅದಾವು, ಹುಡುಕಾಕ ಹತ್ಯಾರ. ನಾ ಹೇಳಿದ್ದೆಲ್ಲಾ ಜೀವ ಹುಟ್ಟಿದ ಮ್ಯಾಲಿನ ಕಥಿ."

"ಮೇಡಂ ಸೋತ್ರು" ಎಂದು ಹಿಂದಿನಿಂದ ಯಾರೋ ಕೂಗಿದರು. ಅಲ್ಲಲ್ಲಿ ಚಪ್ಪಾಳೆ ಶುರುವಾಯಿತು. ಕಲ್ಲಣ್ಣ ಮೈಕು ಹಿಡಿದು ನಿಂತ.

"ಚಪ್ಪಾಳಿ ಹೊಡಿಬ್ಯಾಡ್ರಿ. ಮೂವತ್ತು ವರ್ಷ ಆತು, ಈ ಮೈಕ್ ನಂದು. ಇದರಾಗ ಎಂತೆಂಥಾವರು ಮಾತಾಡ್ಯಾರ. ನನಗ ಗೊತ್ತಿಲ್ಲ ಅಂದವರು ಇವರೊಬ್ರ. ನಾನೂ ಅಂದಿಲ್ಲ. ಬೆಳ್ಳಟ್ಟ್ಯಾಗ ಗೊತ್ತಿರಲಾರದ ವಿಷಯಕ್ಕ, ವಿಚಾರ ಮಾಡಿ ಹೇಳತೀನಿ ಅಂತ ಹೇಳಿ ಓಡಿ ಬಂದೆ."

ಚಪ್ಪಾಳೆ ನಿಂತಿತು. ಬೇರೆ ಚಪ್ಪಾಳೆಯೇನೂ ಬರಲಿಲ್ಲ. ಜನ ಗೆದ್ದವರು ಯಾರೆಂದು ಒಬ್ಬರನ್ನೊಬ್ಬರು ಕೇಳುತ್ತ ಎದ್ದು ಹೋದರು. ಸುಭಾಷ ಮುಖ ಸಣ್ಣದು ಮಾಡಿಕೊಂಡು, "ಕೊನಿಗೆ ಹಂಗ ಮಾತಾಡಬಾರದಿತ್ರಿ ನೀವು" ಎಂದ. ಅವನು ಕಲ್ಲಣ್ಣನ ಜೊತೆ ಆಡಿದ ಕೊನೆಯ ಮಾತು ಅದು. ಈಗ ಅವನ ವೇದಿಕೆಯ ಕಾರ್ಯಕ್ರಮಗಳಿಗೆ ಮೈಕು ಬೇರೆಯವರದು.

ಮರುವಾರ ಕಲ್ಲಣ್ಣ ಬಸ್ಸು ಹಿಡಿದು ಬೆಳ್ಳಟ್ಟಿಗೆ ಹೋದ. ಗಾಳೆಪ್ಪ ಹೊಲದಲ್ಲಿದ್ದ. ಬದುವಿನ ಮೇಲೆ ಕೂತು ಕಲ್ಲಣ್ಣ ಸಾವಿರ ಹುಳ, ಹತ್ತು ಹುಳ, ಅವುಗಳ ಮಕ್ಕಳು ಎಂದು ಬೆರಳು ಮಡಚುತ್ತ ವಿವರಿಸಿದ. ನಡುವೆ ಒಮ್ಮೆ ತಾನೇ ಗೊಂದಲಕ್ಕೆ ಬಿದ್ದು ಮೊದಲಿನಿಂದ ಶುರು ಮಾಡಿದ. ಗಾಳೆಪ್ಪ ಎಲೆ ಅಡಿಕೆ ಹಾಕಿಕೊಂಡು ಕೇಳಿದ.

"ಅಂದ್ರ ನಾವು ಬಿತ್ತಾಕ ದೊಡ್ಡ ತೆನಿ ಆರಿಸಿ ಇಟ್ಟಂಗ ಆತು. ತೆನಿ ನಾವು ಆರಸತೀವಿ, ಹುಳಾ ಎಣ್ಣಿ ಆರಸೈತಿ. ನಮ್ಮ ಕೈಯಾರೆ ಗಟ್ಟಿ ಹುಳದ ಬೀಜಾ ಮಾಡಿಟ್ಟೀವಿ" ಎಂದ.

ಕಲ್ಲಣ್ಣ ಮಡಚಿದ ಬೆರಳು ಬಿಚ್ಚಿದ. ತನಗೆ ಮೂರು ತಿಂಗಳು ಹಿಡಿದದ್ದನ್ನು ಈತ ಒಂದು ಎಲೆ ಅಗಿಯುವುದರೊಳಗೆ ಮುಗಿಸಿದ್ದ. "ನೀವರ ಭಾಷಣಾ ಮಾಡಬೇಕಿತ್ರಿ" ಎಂದ.

"ಹೊಲದಾಗ ಕಸಾ ಬೆಳದೈತಿ, ಎಲ್ಲಿ ಭಾಷಣಾರಿ" ಎಂದು ಗಾಳೆಪ್ಪ ಎದ್ದ. ಹೋಗುವಾಗ ಒಂದು ಚೀಲ ಹಸಿ ಕಡಲೆ ಗಿಡ ಕಿತ್ತುಕೊಟ್ಟ.

ಹಳೆಯ ವಿಡಿಯೋ ಈಗಲೂ ಅಲ್ಲಿ ಇಲ್ಲಿ ಓಡಾಡುತ್ತದೆ. ಮುಂಡರಗಿಯ ವಿಡಿಯೋವನ್ನು ಜನ ನೋಡಿದ್ದು ಒಟ್ಟು ಹನ್ನೊಂದು ಸಲ. ಅದರಲ್ಲಿ ನಾಲ್ಕು ಸಲ ಕಲ್ಲಣ್ಣನೇ ನೋಡಿದ್ದು. ಹಾಗಾಗಿ ಅವನು ತನ್ನದೇ ದಾರಿ ಹುಡುಕಿದ. ಎಲ್ಲಿ ಮೈಕು ಕಟ್ಟಿದರೂ ಪರೀಕ್ಷೆ ಮಾಡುವಾಗ "ಹಲೋ, ಹಲೋ, ಒನ್, ಟೂ, ತ್ರೀ, ಅವತ್ತು ಕಾಲೇಜಿನ್ಯಾಗ ಪ್ಲಗ್ ಕಿತ್ತಿದ್ದು ನಾನ" ಎನ್ನುತ್ತಾನೆ. ಮದುವೆಮನೆಯ ಬೀಗರಿಗೆ ಇದೇನೆಂದು ತಿಳಿಯುವುದಿಲ್ಲ. ಆದರೆ ಆ ಕಾಲೇಜಿನ ಗ್ಯಾದರಿಂಗಿನಲ್ಲಿ ಎಲ್ಲರಿಗೂ ತಿಳಿಯಿತು. ಅದಾದ ಮೇಲೆ ತರಗತಿಯಲ್ಲಿ ತುಟಿ ಅಲುಗಿಸುವುದು ಕಡಿಮೆಯಾಯಿತೆಂದು ಇಸ್ಮಾಯಿಲಸಾಬನ ಮಗಳು ಹೇಳಿದಳು. ಪೂರ್ತಿ ನಿಂತಿಲ್ಲ. ಈಗ ಹುಡುಗರು ಗದ್ದಲ ಮಾಡಿದರೆ ಮೇಡಮ್ಮೇ ಸದ್ದಿಲ್ಲದೆ ತುಟಿ ಅಲುಗಿಸಿ ಪಾಠ ಶುರು ಮಾಡುತ್ತಾರಂತೆ, ಹುಡುಗರು ನಕ್ಕು ಸುಮ್ಮನಾಗುತ್ತಾರಂತೆ.

ಕಲ್ಲಣ್ಣನ ಅನುಮಾನಗಳು ಮುಗಿದಿಲ್ಲ. ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಐತವಾರಕ್ಕೊಮ್ಮೆ ರೋಹಿಣಿಗೆ ಫೋನು ಮಾಡುತ್ತಾನೆ. ಕೆಲವು ಉತ್ತರಗಳನ್ನು ಒಪ್ಪುತ್ತಾನೆ, ಕೆಲವಕ್ಕೆ "ಇದು ನನಗ ಇನ್ನೂ ಕುಂಡ್ರವಲ್ದು" ಎಂದು ಬದಿಗೆ ಗುರುತು ಹಾಕುತ್ತಾನೆ. ಒಂದು ಪ್ರಶ್ನೆ ಮಾತ್ರ ಎರಡು ವಾರ ಹಾಗೇ ಉಳಿದಿತ್ತು. ಉಪಯೋಗವಿದ್ದದ್ದು ಉಳಿಯುತ್ತದೆ ಎಂದರೆ ಗಂಡಸರಿಗೆ ಮೊಲೆತೊಟ್ಟು ಯಾಕೆ ಎಂಬುದು. ಹೆಣ್ಣುಮಗಳ ಹತ್ತಿರ ಹೇಗೆ ಕೇಳುವುದು? ಫೋನು ಹಚ್ಚಿ ಅದೂ ಇದೂ ಮಾತಾಡಿ ಇಟ್ಟುಬಿಡುತ್ತಿದ್ದ. ಮೂರನೆಯ ಐತವಾರ ಬನಶಂಕರೆವ್ವ ನೋಟುಬುಕ್ಕು ಇಣುಕಿ ನೋಡಿ, ಅವನ ಕೈಯಿಂದ ಫೋನು ಕಸಿದುಕೊಂಡು, ಉಪ್ಪಿನ ದರ ಕೇಳಿದ ಹಾಗೆ ಕೇಳಿಬಿಟ್ಟಳು. ಕಲ್ಲಣ್ಣ ನಾಚಿ ಹೊರಗೆ ಕಟ್ಟೆಗೆ ಹೋಗಿ ಕೂತ.

ಸ್ವಲ್ಪ ಹೊತ್ತಿಗೆ ಅವಳು ಬಾಗಿಲಿಗೆ ಬಂದು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು. "ಹೊಟ್ಟ್ಯಾಗ ಮೊದಲ ಎಲ್ಲಾರಿಗೂ ಒಂದ ಪಾಯಾ ಹಾಕಿರತೈತಂತ. ಗಂಡು ಹ್ಯಾಂಗ, ಹೆಣ್ಣು ಹ್ಯಾಂಗ ಅನ್ನೂದು ಆಮ್ಯಾಲೆ. ಇದ್ರ ನಿಮಗೇನು ತ್ರಾಸಿಲ್ಲ, ಅದಕ್ಕ ಹಂಗ ಉಳದೈತಂತ."

"ಇಷ್ಟ?"

"ಇಷ್ಟ."

ಅವನು ಫೋನಿಗೆ ಕೈ ಚಾಚಿದ. ಅವಳು ಕೊಡಲಿಲ್ಲ, ಒಳಗೆ ಹೋದಳು. ಅವಳದೂ ಒಂದು ಪ್ರಶ್ನೆ ಇತ್ತು. ಎಮ್ಮೆ ಅರ್ಧ ತಾಸಿನಲ್ಲಿ ಈಯುತ್ತದೆ, ಎದ್ದು ಮೇಯಲು ಹೋಗುತ್ತದೆ, ಹೆಂಗಸರಿಗೆ ಹೆರಿಗೆ ಮಾತ್ರ ಯಾಕೆ ಇಷ್ಟು ಕಷ್ಟ ಎಂದು. ಕಲ್ಲಣ್ಣ ಮೂವತ್ತು ವರ್ಷ ಭಾಷಣ ಕೇಳಿದರೂ ಅವನಿಗೆ ಇದು ಹೊಳೆದಿರಲಿಲ್ಲ. ಅತ್ತ ಕಡೆಯ ಮಾತು ಅವನಿಗೆ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಬನಶಂಕರೆವ್ವನ ದನಿ ಬಂತು.

"ನೆಟ್ಟಗ ನಡದು ಸೊಂಟ ಸಣ್ಣದಾತು, ಕೂಸಿನ ತಲಿ ದೊಡ್ಡದಾತು ಅಂತ ಒಂದು ವಾದ ಐತೇನ್ರಿ? ಅಂದ್ರ ಎರಡು ಕಾಲ ಮ್ಯಾಲೆ ನಿಂತು ನಡ್ಯಾಕ ಹತ್ತಿದ್ದು ಎಲ್ಲಾರೂ, ದಂಡಾ ಕೊಟ್ಟಿದ್ದು ನಾವಷ್ಟ ಆತಲ್ರಿ ಮೇಡಂ. ತಡೀರಿ, ಇನ್ನೊಂದು ಕೇಳೂದೈತಿ."

ಕಟ್ಟೆಯ ಮೇಲೆ ಕಲ್ಲಣ್ಣ ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ತನ್ನ ಸರದಿ ಕಾಯುತ್ತ ಕೂತ.